ಮಸ್ಕತ್ತಿನಲ್ಲಿ ಬೀಗರ ಪದ

ಸಂಗೀತ ನನ್ನ ರಕ್ತದಲ್ಲಿದೆ ಎಂದು ನಾನಾಗಿಯೇ ಹೇಳಿಕೊಂಡು ತಿರುಗುವುದಿಲ್ಲ. ಯಾರಾದರೂ ಕೇಳಿದರೆ ಮಾತ್ರ ಹೇಳುತ್ತೇನೆ. ಕೇಳದಿದ್ದರೆ ಅವರು ಕೇಳುವ ಹಾಗೆ ಮಾತನ್ನು ತಿರುಗಿಸಿ, ಆಮೇಲೆ ಹೇಳುತ್ತೇನೆ.

ನಾನು ಹುಟ್ಟಿದ್ದು ಕೊಟ್ಟೂರಿನಲ್ಲಿ, ಕೊಟ್ಟಿದ್ದು ಹರಪನಹಳ್ಳಿಗೆ, ಇಪ್ಪತ್ತಾರು ವರ್ಷದಿಂದ ಇರುವುದು ಮಸ್ಕತ್ತಿನಲ್ಲಿ. ಊರಿನ ಬಿಸಿಲು ಸಾಲದೆಂದು ಅದಕ್ಕಿಂತ ಹೆಚ್ಚು ಬಿಸಿಲಿರುವ ಊರು ಹುಡುಕಿಕೊಂಡು ಬಂದವರು ನಾವು. ನಮ್ಮ ಮನೆಯವರು ಪಂಪಾಪತಿ. ದೊಡ್ಡ ಕಟ್ಟಡಗಳ ಏಸಿ ರಿಪೇರಿ ಮಾಡುವ ಕಂಪನಿಯೊಂದರಲ್ಲಿ ಫೋರ್ಮನ್. ನಾನು ಮನೆಯಲ್ಲೇ ಕುಳಿತು ಬ್ಲೌಸ್ ಹೊಲಿಯುತ್ತೇನೆ. ಒಬ್ಬಳೇ ಮಗಳು ಸಹನಾ, ಇಲ್ಲಿಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ.

ನನ್ನ ಸಂಗೀತ ವೀಣೆ, ತಂಬೂರಿಗಳ ಸಂಗೀತವಲ್ಲ. ಬೀಗರ ಪದದ ಸಂಗೀತ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ನಮ್ಮ ಕಡೆ ಮದುವೆಗಳಲ್ಲಿ ಹೆಣ್ಣಿನ ಕಡೆಯ ಹೆಂಗಸರು ಸಾಲಾಗಿ ಚಾಪೆಯ ಮೇಲೆ ಕುಳಿತು, ಗಂಡಿನ ಕಡೆಯವರನ್ನು ಹೆಸರು ಹಿಡಿದು, ಮೂಗು ಹಿಡಿದು, ಅವರು ತಂದ ಸೀರೆಯ ಅಂಚು ಹಿಡಿದು ಹಾಡಿನಲ್ಲಿ ಬೈಯುತ್ತಾರೆ. ಅವರೂ ಸುಮ್ಮನಿರುವುದಿಲ್ಲ, ತಿರುಗಿ ಹಾಡುತ್ತಾರೆ. ಎಷ್ಟು ಬೈದರೆ ಅಷ್ಟು ಮರ್ಯಾದೆ. ಆದರೆ ಒಂದು ನೇಮವಿದೆ. ಮಾತುಕತೆ ಮುಗಿದು, ಎಲೆ ಅಡಿಕೆ ಹಂಚಿ, ಇವರು ನಮ್ಮ ಬೀಗರು ಎಂದಾದ ಮೇಲೆಯೇ ಹಾಡಬೇಕು. ಅದಕ್ಕೆ ಮುಂಚೆ ಹಾಡಿದರೆ ಅದು ಪದವಲ್ಲ, ಬರೀ ಬೈಗುಳ.

ಈ ವಿದ್ಯೆಯಲ್ಲಿ ಕೊಟ್ಟೂರಿನ ಸುತ್ತಮುತ್ತ ನನ್ನ ಸಿದ್ದವ್ವ ದೊಡ್ಡವ್ವನನ್ನು ಮೀರಿಸುವವರು ಇರಲಿಲ್ಲ. ಅವಳು ಅವ್ವನ ಅಕ್ಕ. ಅಕ್ಷರ ಬಾರದು, ಆದರೆ ಎದುರಿಗೆ ಕುಳಿತ ಬೀಗತಿಯ ಮುಖ ನೋಡುತ್ತಲೇ ನಾಲ್ಕು ಸಾಲು ಕಟ್ಟಿ ಎಸೆಯುತ್ತಿದ್ದಳು. ಉಜ್ಜಿನಿಯಿಂದ, ಕೂಡ್ಲಿಗಿಯಿಂದ ಅವಳಿಗೆ ಕರೆ ಬರುತ್ತಿತ್ತು. ಹದಿಮೂರನೇ ವಯಸ್ಸಿನಿಂದ ನನ್ನ ಮದುವೆಯವರೆಗೆ ನಾನು ಅವಳ ಮೇಳದಲ್ಲಿದ್ದೆ. ಅವಳ ಮಗ್ಗುಲಲ್ಲೇ ನನ್ನ ಜಾಗ. ಈ ವಿಷಯವನ್ನು ಮಸ್ಕತ್ತಿನಲ್ಲಿ ನನ್ನ ಹತ್ತಿರ ಬ್ಲೌಸ್ ಹೊಲಿಸುವ ಎಲ್ಲರೂ ಬಲ್ಲರು. ಅಳತೆ ತೆಗೆಯುವಾಗ ಯಾರೂ ಎದ್ದು ಹೋಗಲಾರರಲ್ಲ.

ಆದರೆ ಇಲ್ಲಿಗೆ ಬಂದ ಮೇಲೆ ಹಾಡುವುದು ತಪ್ಪಿತು. ಯಾರ ಮದುವೆ, ಯಾರ ಚಾಪೆ? ದೊಡ್ಡವ್ವ ತೀರಿಕೊಂಡಾಗ ಊರಿಗೆ ಹೋಗಲೂ ಆಗಲಿಲ್ಲ. ಕಾಲ ಕಳೆದ ಹಾಗೆ ಪದಗಳ ಮೊದಲ ಸಾಲು ನೆನಪಾದರೆ ಎರಡನೆಯದು ಮರೆಯುತ್ತಿತ್ತು. ಆಮೇಲೆ ಮೊದಲನೆಯದೂ ಹೋಯಿತು.

ಹೀಗಿರುವಾಗ ಕೆಲವು ತಿಂಗಳ ಹಿಂದೆ ಹಗರಿಬೊಮ್ಮನಹಳ್ಳಿಯಲ್ಲಿರುವ ನನ್ನ ತಂಗಿ ಗಂಗಮ್ಮ ಫೋನು ಮಾಡಿದಳು. "ಅಕ್ಕಾ, ಟ್ರಂಕಿನಾಗ ನಿನ್ನ ಮದುವಿ ಕ್ಯಾಸೆಟ್ಟು ಸಿಕ್ಕೈತಿ ನೋಡು. ಮಾವ ಟೇಪ್ ರೆಕಾರ್ಡರ್ ಇಟ್ಟು ಪದ ಹಿಡಿದಿದ್ನಲ್ಲ, ಅದು. ಫೋಟೊ ಸ್ಟುಡಿಯೋದಾಗ ಕೊಟ್ಟು ಮೊಬೈಲಿಗೆ ಹಾಕ್ಸೀನಿ. ಟೇಪು ಅಲ್ಲಲ್ಲೆ ಹರಿದಿತ್ತಂತ, ನಲವತ್ತೊಂದು ತುಂಡು ಆಗೈತಿ. ಎಲ್ಲಾ ಕಳಿಸ್ತೀನಿ."

ಕಳಿಸಿದಳು. ನಾನಾಗ ಜೋಳದ ಹಿಟ್ಟು ನಾದುತ್ತಿದ್ದೆ. ಒಂದನ್ನು ಒತ್ತಿದೆ. ಮೊದಲು ಗೊರಗೊರ ಸದ್ದು. ಆಮೇಲೆ ಬಳೆಗಳ ಸದ್ದು. ಯಾರೋ "ನೀರು ಕೊಡ್ರೆ ಆಕಿಗೆ" ಎಂದರು. ಆಮೇಲೆ ದೊಡ್ಡವ್ವ ಕ್ಯಾಕರಿಸಿ ಗಂಟಲು ಸರಿಮಾಡಿಕೊಂಡಳು. ಆಮೇಲೆ ಹಾಡಿದಳು. ಕಣ್ಣು ಒದ್ದೆಯಾಯಿತು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಆದರೆ ನಾನು ಹಿಟ್ಟಿನ ಕೈಯಲ್ಲೇ ಹೋ ಎಂದು ಅತ್ತೆ. ಸ್ನಾನಕ್ಕೆ ಹೋಗಿದ್ದ ನಮ್ಮ ಮನೆಯವರು ಸೋಪಿನ ಮುಖದಲ್ಲೇ ಓಡಿ ಬಂದರು.

"ಏನಾತೇ? ಯಾರು ತೀರ್ಕಂಡ್ರು?"

"ಸಿದ್ದವ್ವ ದೊಡ್ಡವ್ವ."

"ಅವರು ತೀರ್ಕಂಡು ಹನ್ನೊಂದು ವರ್ಷ ಆತಲ್ಲೇ."

ಹರಪನಹಳ್ಳಿಯವರಿಗೆ ಲೆಕ್ಕ ಗೊತ್ತು, ಭಾವನೆ ಗೊತ್ತಿಲ್ಲ.

ಅಂದಿನಿಂದ ನನಗೆ ಹುಚ್ಚೇ ಹಿಡಿಯಿತು. ಬೆಳಗಿನ ಚಹಾದಿಂದ ಹಿಡಿದು ಮಷೀನು ತುಳಿಯುವವರೆಗೆ ದೊಡ್ಡವ್ವ ಹಾಡುವುದು, ನಾನು ದನಿಗೂಡಿಸುವುದು. ಕಳೆದುಹೋಗಿದ್ದ ಸಾಲುಗಳೆಲ್ಲ ಒಂದೊಂದಾಗಿ ಬಾಯಿಗೆ ಬಂದವು. ಇಷ್ಟು ವರ್ಷದಲ್ಲಿ ನಾನು ಅಷ್ಟು ಸುಖವಾಗಿದ್ದುದು ನೆನಪಿಲ್ಲ. ಮೇಲಿನ ಮನೆಯ ಮಲಯಾಳಿ ನರ್ಸು ಒಂದು ದಿನ ಮೆಟ್ಟಿಲ ಮೇಲೆ ಸಿಕ್ಕು, "ಚೇಚಿ, ಮನೆಯಲ್ಲಿ ದಿನಾ ಪೂಜೆಯಾ?" ಎಂದು ಕೈಸನ್ನೆ ಮಾಡಿ ಕೇಳಿದಳು. ಆಗ ಒಳಗೆ ನಡೆಯುತ್ತಿದ್ದುದು ಒಬ್ಬ ಬೀಗರ ಮೂಗಿನ ವರ್ಣನೆ. ಹೌದು, ಪೂಜೆ ಎಂದೆ. ಆವತ್ತಿನಿಂದ ಆಕೆ ನಮ್ಮ ಬಾಗಿಲು ದಾಟುವಾಗ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹೋಗುತ್ತಾಳೆ.

ನಮ್ಮ ಮನೆಯವರಿಗೆ ಮಾತ್ರ ಇದು ರುಚಿಸಲಿಲ್ಲ. "ಈ ಮನೆಯಾಗೆ ನನ್ನ ಮದುವೆ ದಿನಾ ಆಗ್ತಾ ಐತೆ. ಒಂದು ಸಲ ಆಗಿದ್ದೇ ಸಾಕಾಗಿತ್ತು" ಎಂದರು. ಆದರೆ ಪದದಲ್ಲಿ ಏನಿದೆ ಎಂದು ಅವರು ಯಾವತ್ತೂ ಕೇಳಲಿಲ್ಲ. ಇಷ್ಟು ವರ್ಷ ಏಸಿ ಯಂತ್ರಗಳ ನಡುವೆ ಇದ್ದ ಕಿವಿ ಅದು. ರಾಗ ಮುಟ್ಟುತ್ತದೆ, ಅರ್ಥ ಮುಟ್ಟುವುದಿಲ್ಲ. ನನ್ನ ಮಾತೂ ಅವರಿಗೆ ಹಾಗೆಯೇ ಮುಟ್ಟುತ್ತದೆ ಎಂದು ನನ್ನ ಅನುಮಾನ.

ಇಂಥ ಸುಖದ ದಿನಗಳಲ್ಲೇ ಸಹನಾ ಒಂದು ಸಂಜೆ ನನ್ನ ಪಕ್ಕ ಬಂದು ಕುಳಿತಳು. ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿರುವ ಶರಣು ಎಂಬ ಹುಡುಗ, ಹಡಗಲಿಯವನು. ಎರಡು ವರ್ಷದಿಂದ ಒಬ್ಬರನ್ನೊಬ್ಬರು ಮೆಚ್ಚಿಕೊಂಡಿದ್ದಾರೆ. ತಂದೆ ಇಲ್ಲ. ತಾಯಿ ಕೊಟ್ರಮ್ಮ, ಹಡಗಲಿಯ ಕಡೆ ಶಾಲೆಯೊಂದರಲ್ಲಿ ಹೆಡ್‌ಮೇಡಂ ಆಗಿ ನಿವೃತ್ತರಾದವರು, ಮಗನನ್ನು ನೋಡಲು ಇಪ್ಪತ್ತು ದಿನಕ್ಕೆ ಬಂದಿದ್ದಾರೆ. ಶುಕ್ರವಾರ ನಮ್ಮ ಮನೆಗೆ ಬರುತ್ತಾರೆ. ಅವರು ಹೂಂ ಎಂದರೆ ಹೂಂ, ಇಲ್ಲ ಎಂದರೆ ಅವರ ಮಾತು ಮೀರುವವನಲ್ಲ ಶರಣು.

"ಅವ್ವಾ, ಅವರು ಬಾಳ ಶಿಸ್ತಿನವರು" ಎಂದಳು ಸಹನಾ. "ನಗೋದಾ ಇಲ್ಲಂತ. ನಂಗೇನೂ ಬ್ಯಾಡ, ಒಂದಾ ಒಂದು ಕೇಳ್ತೀನಿ. ಆವತ್ತು ನಿನ್ನ ಬೈಗಳದ ಪದ ಹಚ್ಚಬ್ಯಾಡ."

"ನಾನೇನು ಅಷ್ಟು ತಿಳುವಳಿಕಿ ಇಲ್ಲದಾಕಿ ಅದೀನೇನ?" ಎಂದೆ.

ಅವಳು ಉತ್ತರ ಕೊಡಲಿಲ್ಲ. ಮಗು ಸುಳ್ಳು ಹೇಳುವುದಿಲ್ಲ.

ಕೊಟ್ರಮ್ಮ ಎಂಬ ಹೆಸರು ಕೇಳಿ ನನಗೆ ಖುಷಿಯಾಯಿತು. ನಮ್ಮ ಅತ್ತೆಯ ಹೆಸರೂ ಕೊಟ್ರಮ್ಮ. ಕೊಟ್ಟೂರಿನ ದೇವರ ಹೆಸರದು, ಸುತ್ತಲಿನ ಐದೂ ತಾಲ್ಲೂಕಿನಲ್ಲಿ ಕೊಟ್ರೇಶ, ಕೊಟ್ರಮ್ಮ ಇಲ್ಲದ ಮನೆಯಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ನಿಂತು ಕೊಟ್ರೇಶಾ ಎಂದು ಕೂಗಿದರೆ ಆರು ಜನ ತಿರುಗುತ್ತಾರೆ, ಜೊತೆಗೆ ಕಂಡಕ್ಟರನೂ ಇಳಿದು ಬರುತ್ತಾನೆ. ಈ ಹೆಸರಿನಲ್ಲಿ ಏನಾದರೂ ಅಪಾಯವಿದೆ ಎಂದು ನನಗೆ ಹೊಳೆಯಲಿಲ್ಲ. ಹೊಳೆಯುವುದು ನನಗೆ ಯಾವಾಗಲೂ ಎರಡು ದಿನ ತಡ.

ಬೈಗುಳದ ಪದ ಬೇಡ ಎಂದಿದ್ದಳೇ ಹೊರತು ಆರತಿ ಪದ ಬೇಡ ಎಂದಿರಲಿಲ್ಲ. ಮನೆಗೆ ನೆಂಟರು ಬಂದಾಗ ಹಿತವಾಗಿ, ಸಣ್ಣಗೆ ಒಂದು ಆರತಿ ಪದ ಕೇಳುತ್ತಿದ್ದರೆ ಎಷ್ಟು ಚೆಂದ! ಹೆಡ್‌ಮೇಡಂ ಅಂಥವರಿಗೆ ನಮ್ಮ ಮನೆತನದ ಸಂಸ್ಕಾರ ತಿಳಿಯಬೇಡವೇ? ಏಳನೆಯ ತುಂಡು ಅಪ್ಪಟ ಆರತಿ ಪದ. ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಒಂದೇ ಒಂದು ಬೈಗುಳವಿಲ್ಲ.

"ಇದನ್ನ ಸಹನಾನ ಹೊಸ ಸ್ಪೀಕರಿಗೆ ಬರೋ ಹಂಗ ಮಾಡಿಕೊಡ್ರಿ" ಎಂದು ನಮ್ಮ ಮನೆಯವರಿಗೆ ಫೋನು ಕೊಟ್ಟೆ. ಇಪ್ಪತ್ತು ಅಂತಸ್ತಿನ ಕಟ್ಟಡ ತಂಪು ಮಾಡುವವರಿಗೆ ಇದೇನು ಮಹಾ. ಹತ್ತು ನಿಮಿಷದಲ್ಲಿ ಮಾಡಿಕೊಟ್ಟರು. ಮಾಡಿದ್ದು ಅಷ್ಟೇ ಆಗಿದ್ದರೆ ಈ ಬರಹಕ್ಕೆ ಕಾರಣವಿರಲಿಲ್ಲ. ನಾನು ವಾಟ್ಸ್ಆ್ಯಪಿನಲ್ಲಿ ಒಂದೊಂದನ್ನೇ ಒತ್ತಿ ಕೇಳುತ್ತಿದ್ದುದನ್ನು ನೋಡಿ ಅವರಿಗೆ ಕರುಣೆ ಬಂದಿತ್ತಂತೆ. ನಲವತ್ತೊಂದನ್ನೂ ಸಾಲಾಗಿ ಜೋಡಿಸಿ, ಒಂದು ಮುಗಿದರೆ ಇನ್ನೊಂದು ತಾನೇ ಬರುವ ಹಾಗೆ ಮಾಡಿಟ್ಟರು. ಹೇಳಲಿಲ್ಲ. ಉಪಕಾರ ಮಾಡಿ ಹೇಳಿಕೊಳ್ಳುವ ಸ್ವಭಾವ ಅವರದಲ್ಲ.

ಶುಕ್ರವಾರ ಹನ್ನೊಂದು ಗಂಟೆಗೆ ಬಂದರು. ಶರಣು ಒಳ್ಳೆಯ ಹುಡುಗ, ನಾಚಿಕೆಯವನು, ನುಗ್ಗೇಕಾಯಿಯಷ್ಟು ತೆಳ್ಳಗೆ. ಕೊಟ್ರಮ್ಮನವರು ಗಂಜಿ ಹಾಕಿದ ನೂಲಿನ ಸೀರೆ, ದಪ್ಪ ಕನ್ನಡಕ. ಒಳಗೆ ಬಂದವರೇ ಗೋಡೆಯ ಮೇಲೆ ಸೊಟ್ಟಗಿದ್ದ ಕ್ಯಾಲೆಂಡರನ್ನು ಸರಿಮಾಡಿದರು. ಆಮೇಲೆ ಸಹನಾಳನ್ನು ಕರೆದು, "ಕನ್ನಡ ಓದಾಕ ಬರ್ತತೇನಮ್ಮ?" ಎಂದು ಕೇಳಿ, ಅದೇ ಕ್ಯಾಲೆಂಡರಿನಿಂದ ಎರಡು ಸಾಲು ಓದಿಸಿದರು. ಸಹನಾ ಹುಣ್ಣಿಮೆಯವರೆಗೆ ತಪ್ಪಿಲ್ಲದೆ ಓದಿದಳು. ಕೊಟ್ರಮ್ಮನವರು ತಲೆಯಾಡಿಸಿದರು. ನನಗೂ ಧೈರ್ಯ ಬಂತು. ಏಳನೆಯ ತುಂಡು ಹಚ್ಚಿದೆ.

ದೊಡ್ಡವ್ವನ ದನಿ ಕೋಣೆಯಲ್ಲಿ ತುಂಬಿಕೊಂಡಿತು. ಕೊಟ್ರಮ್ಮನವರು ಕಿವಿಗೊಟ್ಟರು.

"ಯಾರದ್ರಿ ಈ ದನಿ?"

"ನಮ್ಮ ದೊಡ್ಡವ್ವಂದು ರೀ. ನಾನೂ ಅದಾ ಮೇಳದಾಕಿ."

"ಹೌದಾ" ಎಂದರು. ಅವರ ಮುಖದಲ್ಲಿ ಏನೋ ಸಣ್ಣದೊಂದು ಸಡಿಲವಾಯಿತು. ಸಹನಾ ನನ್ನ ಕಡೆ ನೋಡಿ ಒಂದಿಷ್ಟು ನಕ್ಕಳು. ಆ ನಗು ನೋಡಿ ಹಿಗ್ಗಿಕೊಂಡು ನಾನು ಅಡುಗೆಮನೆಗೆ ಹೋದೆ. ಮಂಡಕ್ಕಿ ಒಗ್ಗರಣೆ ಆಗಿತ್ತು, ಬಿಸಿ ಬಿಸಿ ಮಿರ್ಚಿ ಕರಿಯುವುದೊಂದು ಬಾಕಿ. ಕಡಲೆಹಿಟ್ಟಿನಲ್ಲಿ ಮೊಣಕೈವರೆಗೆ ಕೈ ಅದ್ದಿ, ಮೊದಲ ಒಬ್ಬೆ ಎಣ್ಣೆಗೆ ಬಿಟ್ಟೆ.

ಆರತಿ ಪದ ಮುಗಿಯಿತು. ಕ್ಷಣ ಹೊತ್ತು ಗೊರಗೊರ. ಬಳೆಗಳ ಸದ್ದು. ಆಮೇಲೆ ದೊಡ್ಡವ್ವ ಗಂಟಲು ಸರಿಮಾಡಿಕೊಂಡಳು.

ಆ ಕ್ಯಾಕರಿಕೆ ನನಗೆ ಗೊತ್ತು. ಆರತಿ ಪದಕ್ಕೆ ದೊಡ್ಡವ್ವ ಹಾಗೆ ಕ್ಯಾಕರಿಸುವುದಿಲ್ಲ. ನಾನು ಅಡುಗೆಮನೆಯ ಹೊಸ್ತಿಲು ದಾಟುವಷ್ಟರಲ್ಲಿ ಹೊರಗೆ ಬಿದ್ದಿತ್ತು:

ಬಂದಾಳ ನೋಡ ಬೀಗತಿ ಕೊಟ್ರಮ್ಮ
ತಿಂದಾಳ ಹೋಳಿಗಿ ಹನ್ನೆಂಟು
ತಿಂದಾಳ ಹನ್ನೆಂಟು, ಮ್ಯಾಲೊಂದು ಸೆರಗೀಗೆ
ಗಂಟು ಕಟ್ಟ್ಯಾಳ ಗುಟ್ಟೀಲಿ

ನಾನು ಹಾರಿ ಹೋಗಿ ಫೋನು ಹಿಡಿದೆ. ಫೋನು ಬೀಗ ಹಾಕಿಕೊಂಡಿತ್ತು. ಬೆರಳು ಒತ್ತಿದೆ. ಕಡಲೆಹಿಟ್ಟು ಹತ್ತಿದ ಬೆರಳನ್ನು ಅದು ತನ್ನ ಒಡತಿಯದೆಂದು ಒಪ್ಪಲಿಲ್ಲ. ಸೆರಗಿಗೆ ಒರೆಸಿಕೊಂಡು ಒತ್ತಿದೆ. ಆಗಲೂ ಒಪ್ಪಲಿಲ್ಲ. ನಮ್ಮ ಮನೆಯವರು ಎದ್ದು ಸ್ಪೀಕರಿನ ಹತ್ತಿರ ಹೋಗಿ, ದನಿ ಇಳಿಸುವ ಗುಂಡಿ ಬಿಟ್ಟು ಏರಿಸುವ ಗುಂಡಿಯನ್ನು ಒತ್ತಿ ಹಿಡಿದರು. ಶರಣು ಗೋಡೆಯ ಪ್ಲಗ್ಗು ಕಿತ್ತ. ಅದು ಬ್ಯಾಟರಿಯ ಸ್ಪೀಕರು. ನಿಂತದ್ದು ಫ್ಯಾನು. ಆ ಹೊತ್ತಿಗೆ ಇಡೀ ಕಟ್ಟಡ ಕೇಳುವ ಹಾಗೆ ದೊಡ್ಡವ್ವ ಎರಡನೆಯ ಪದಕ್ಕೆ ಬಂದಿದ್ದಳು:

ಅಡಗಿ ಬರದಾಕಿ ಅಂಬಲಿ ಕಾಸಾಕಿ
ಹುಡುಗನ್ನ ಹ್ಯಾಂಗ ಸಾಕೀದಿ
ಹುಡುಗನ್ನ ನೋಡ ಬೀಗತಿ, ನಿನ ಮಗ
ಬಡಗಿ ಕೆತ್ತೀದ ಗೂಟದಂಗ

ಎಲ್ಲರ ಕಣ್ಣೂ ಶರಣುವಿನ ಮೇಲೆ ಹೋದವು. ಹೋಗಬಾರದಿತ್ತು, ಆದರೆ ಹೋದವು. ಪ್ಲಗ್ಗು ಕೈಯಲ್ಲಿ ಹಿಡಿದು ಗೋಡೆಗೆ ಅಂಟಿ ನಿಂತಿದ್ದ ಹುಡುಗ ನಿಜಕ್ಕೂ ಗೂಟದ ಹಾಗೆಯೇ ಕಾಣುತ್ತಿದ್ದ.

ಆಗ ನನ್ನ ಬುದ್ಧಿ ಕೆಲಸ ಮಾಡಿತು. ಅದು ಕೆಲಸ ಮಾಡದಿದ್ದಾಗಲೇ ನಮ್ಮ ಮನೆಗೆ ಕ್ಷೇಮ.

"ಅದು ನಿಮಗಲ್ಲ ರೀ ಕೊಟ್ರಮ್ಮನರಾ" ಎಂದೆ ಕೈಮುಗಿದು. "ನಿಮ್ಮ ದೇವರಾಣಿ ನಿಮಗಲ್ಲ. ಅದು ನಮ್ಮತ್ತಿಗೆ ಬೈದಿದ್ದು. ಅವರೂ ಕೊಟ್ರಮ್ಮನಾ."

ನಮ್ಮ ಮನೆಯವರು ಸ್ಪೀಕರು ಬಿಟ್ಟು ನಿಧಾನವಾಗಿ ನನ್ನ ಕಡೆ ತಿರುಗಿದರು.

"ನಮ್ಮವ್ವಗಾ?"

ನಾನು ಸೆರಗಿನಿಂದ ಫೋನು ಒರೆಸತೊಡಗಿದೆ.

"ಹೋಳಿಗೆ ಸೆರಗಿಗೆ ಕಟ್ಕಂಡಿದ್ದು ನಮ್ಮವ್ವನಾ? ಆವತ್ತು ಮಂಟಪದಾಗೆ ನಾನು ಏನಂತ ಹಾಡ್ತಾ ಅದಾರೆ ಅಂತ ಕೇಳಿದ್ರೆ, ನಿಮ್ಮವ್ವನ್ನ ಹೊಗಳಾಕತ್ಯಾರ ಅಂದಿದ್ಯಲ್ಲೇ?"

"ಮದುವಿ ಹೊತ್ತಿನಾಗ ಏನು ಹೇಳ್ಲಿ ರೀ ಮತ್ತ."

"ಹಂಗಾದ್ರೆ ಆ ಗೂಟ?" ಎಂದರು. ಕೇಳಿದ ಮೇಲೆ ಅವರಿಗೇ ಉತ್ತರ ಹೊಳೆಯಿತು. ಬಾಯಿ ಮುಚ್ಚಿಕೊಂಡರು. ಈಗ ಅವರು ಗೂಟವಲ್ಲ, ಜೋಳ ತುಂಬಿಡುವ ಹಗೇವು. ಆದರೆ ಅದನ್ನು ಹೇಳಿ ಸಮಾಧಾನ ಮಾಡುವ ಸಮಯ ಅದಾಗಿರಲಿಲ್ಲ.

ಅಷ್ಟರಲ್ಲಿ ಸಹನಾ ನನ್ನ ಕೈಯಿಂದ ಫೋನು ತೆಗೆದುಕೊಂಡು, ನಂಬರು ಒತ್ತಿ ಬೀಗ ತೆಗೆದು ಪದ ನಿಲ್ಲಿಸಿದಳು. ಅವಳು ನನ್ನ ಮುಖ ನೋಡಲಿಲ್ಲ. ಇಷ್ಟು ಹೊತ್ತು ನನಗೆ ಆಗಿದ್ದು ಬರೀ ಗಾಬರಿ, ಈಗ ಹೆದರಿಕೆಯಾಯಿತು. ಇವಳು ನನ್ನನ್ನು ಕೇಳಿದ್ದು ಒಂದೇ ಒಂದು ಮಾತು. ಹಟ ಮಾಡಿ ಒಂದು ಗೊಂಬೆ ಕೇಳಿದವಳಲ್ಲ, ಹಬ್ಬಕ್ಕೆ ಇಂಥ ಬಟ್ಟೆಯೇ ಬೇಕೆಂದವಳಲ್ಲ. ಹುಟ್ಟಿದ ಮೇಲೆ ಮೊದಲ ಸಲ ಒಂದನ್ನು ಕೇಳಿದಳು, ಅದನ್ನು ನಾನು ನನ್ನ ಪದದ ಹುಚ್ಚಿಗೆ ಹಾಳುಮಾಡಿದೆ.

ಕೊಟ್ರಮ್ಮನವರು ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡರು.

"ಸಹನಾ, ಅದನ್ನ ಇನ್ನೊಮ್ಮೆ ಹಚ್ಚಮ್ಮ. ಮೊದ್ಲಿನಿಂದ."

ಸಹನಾ ಹಚ್ಚಿದಳು. ಶಾಲೆಯಲ್ಲಿ ತಪ್ಪು ಮಾಡಿದವರ ಹಾಗೆ ನಾವು ನಾಲ್ವರೂ ನಿಂತು ಕೇಳಿದೆವು. ಕೊಟ್ರಮ್ಮನವರು ಕಣ್ಣು ಮುಚ್ಚಿ, ಕುರ್ಚಿಯ ಕೈ ಮೇಲೆ ಬೆರಳು ಬಡಿಯುತ್ತಾ ಹೋಳಿಗೆಯಿಂದ ಗೂಟದವರೆಗೆ ಪೂರ್ತಿ ಕೇಳಿ, ಕಣ್ಣು ತೆರೆದರು.

"ಎರಡನೇದು ಚಲೋ ಐತಿ. ಮೊದಲ್ನೇದ್ರಾಗ ಕಡೀ ಸಾಲು ಸಡಲಾತು. ಬಂದಾಳ, ತಿಂದಾಳ ಅಂತ ಹೊಂಟಾಕಿ, ಗಂಟು ಅಂತ ಯಾಕ ನಿಂತಳು? ಪ್ರಾಸ ಎಲ್ಲಿ ಹೋತು?"

ಸುಮ್ಮನೆ ಹೌದ್ರಿ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ದೊಡ್ಡವ್ವನ ಪದಕ್ಕೆ ಕೆಂಪು ಶಾಯಿ ಬಿದ್ದರೆ ನಾನು ಸಹಿಸುವವಳಲ್ಲ.

"ನಮ್ಮ ದೊಡ್ಡವ್ವ ನಿಂತ ನಿಲುವಿನಾಗ ಕಟ್ಟಾಕಿ ರೀ" ಎಂದೆ. "ಬರದು, ತಿದ್ದಿ, ನಂಬರು ಹಾಕಾಕಿ ಅಲ್ಲ."

ಸಹನಾ ನನ್ನ ಬೆನ್ನಿಗೆ ಚಿವುಟಿದಳು. ಕೊಟ್ರಮ್ಮನವರು ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. ಆಗ ಅಡುಗೆಮನೆಯಿಂದ ಸೀದ ವಾಸನೆ ಬಂತು. ನಮ್ಮ ಮನೆಯವರು ಓಡಿ ಹೋಗಿ ಒಲೆ ಆರಿಸಿದರು. ಆರಿಸಿ ಸುಮ್ಮನೆ ಬಂದಿದ್ದರೆ? ಎಣ್ಣೆಯಲ್ಲಿ ಕಪ್ಪಾಗಿದ್ದ ಮಿರ್ಚಿಗಳನ್ನು ತಟ್ಟೆಗೆ ಹಾಕಿಕೊಂಡು ಬಂದು ಅತಿಥಿಗಳ ಮುಂದೆ ಇಟ್ಟರು. ಏನನ್ನೂ ದಂಡ ಮಾಡುವವರಲ್ಲ ಅವರು.

ಕೊಟ್ರಮ್ಮನವರು ಒಂದನ್ನು ಎತ್ತಿ ಕಚ್ಚಿದರು. ನಿಧಾನವಾಗಿ ಅಗಿದರು. ಉಳಿದರ್ಧವನ್ನು ತಟ್ಟೆಯ ಅಂಚಿಗೆ ಇಟ್ಟರು. ಆಗ ನನಗೆ ನೆನಪಾಯಿತು, ಹಿಟ್ಟಿಗೆ ಉಪ್ಪು ಹಾಕಿರಲಿಲ್ಲ.

"ನಿಂತ ನಿಲುವಿನಾಗ ಕಟ್ಟೋದು ನಮಗೂ ಬರ್ತತಿ" ಎಂದರು. ಒಂದು ಕೈ ಕಿವಿಗೆ ಹಚ್ಚಿ, ಗಂಟಲು ಸರಿಮಾಡಿಕೊಂಡರು. ಶಾಲೆಯ ಗಂಟಲಲ್ಲ ಅದು. ಚಾಪೆಯ ಮೇಲೆ ಕುಳಿತು ಹಾಡಿ ಪಳಗಿದ ಗಂಟಲು.

ಇಲ್ಲಿ ಓದುಗರಿಗೆ ಒಂದು ಸಣ್ಣ ವಿಷಯ ಹೇಳುವುದಿದೆ. ಇದುವರೆಗೆ ಹೇಳದೆ ಬಿಟ್ಟದ್ದು ಮರೆವಿನಿಂದಲ್ಲ. ದೊಡ್ಡವ್ವನ ಮೇಳದಲ್ಲಿ ನಾನಿದ್ದದ್ದು ನಿಜ, ಅವಳ ಮಗ್ಗುಲಲ್ಲಿ ಕೂಡುತ್ತಿದ್ದದ್ದೂ ನಿಜ. ಆದರೆ ಪದ ಕಟ್ಟುವವಳು ದೊಡ್ಡವ್ವ. ನಾವೆಲ್ಲ ಹಿಂದೆ ಹಾಡುವವರು. ಅವಳು ಒಂದು ಸಾಲು ಬಿಟ್ಟ ಕೂಡಲೇ ಅದೇ ಸಾಲನ್ನು ಎತ್ತಿ ಹಾಡುವುದು ನಮ್ಮ ಕೆಲಸ. ಯೋಚನೆ ಮಾಡುವ ಹಾಗಿಲ್ಲ. ಅರೆಗಳಿಗೆ ತಡವಾದರೆ ಪಕ್ಕೆಗೆ ದೊಡ್ಡವ್ವನ ಮೊಣಕೈ ಬೀಳುತ್ತಿತ್ತು. ಆ ಜಾಗದಲ್ಲಿ ನನಗೆ ಎಷ್ಟು ಮೊಣಕೈ ಬಿದ್ದಿವೆಯೆಂದರೆ, ಯಾರಾದರೂ ಆ ಧಾಟಿಯಲ್ಲಿ ಒಂದು ಸಾಲು ಹಾಡಿದರೆ ನನ್ನ ಬಾಯಿ ನನ್ನನ್ನು ಕೇಳದೆ ತೆರೆದುಕೊಳ್ಳುತ್ತದೆ.

ಕೊಟ್ರಮ್ಮನವರು ಹಾಡಿದರು:

ಕರದಾಳ ಗಿರಿಜವ್ವ ಕರಕಲು ಮಿರ್ಚೀಯ

ಗಿರಿಜವ್ವ ಎಂದರೆ ನಾನು. ಆದರೆ ಸಾಲು ಬಿದ್ದಿತ್ತು. ನಾನು ಎತ್ತಿದೆ. ತುಂಬು ಗಂಟಲಿನಿಂದ, ಶ್ರುತಿ ತಪ್ಪದೆ, ಕೈಯಲ್ಲಿ ತಾಳ ಹಾಕುತ್ತಾ: ಕರದಾಳ ಗಿರಿಜವ್ವ ಕರಕಲು ಮಿರ್ಚೀಯ!

ಮರತಾಳ ಉಪ್ಪು ಹಾಕೋದ

ಮರತಾಳ ಉಪ್ಪು ಹಾಕೋದ ಎಂದು ನಾನೂ ಎಳೆದೆ. ಕೊನೆಯಲ್ಲಿ ದೊಡ್ಡವ್ವ ಕಲಿಸಿದ್ದ ಸಣ್ಣ ಕೊಂಕನ್ನೂ ಸೇರಿಸಿದೆ.

ಮರತಾಳ ಉಪ್ಪು, ತನ ದನಿಯ ತಾ ಕೇಳಿ

ಈ ಮೂರನೆಯ ಸಾಲಿಗೆ ಬರುವ ಹೊತ್ತಿಗೆ ನಾನು ಏನು ಹಾಡುತ್ತಿದ್ದೇನೆ ಎಂಬುದು ನನಗೆ ಗೊತ್ತಾಯಿತು. ಆದರೆ ಪದವನ್ನು ನಡುವೆ ಬಿಟ್ಟು ಎದ್ದವರು ದೊಡ್ಡವ್ವನ ಮೇಳದಲ್ಲಿ ಇಲ್ಲ. ಹಾಡಿದೆ.

ಹಿರಿಹಿರಿ ಹಿಗ್ಗಿ ಕುಂತಾಳ

ಅದನ್ನೂ ಹಾಡಿದೆ. ನಾಲ್ಕು ಸಾಲೂ ಪ್ರಾಸಬದ್ಧ, ಒಂದು ಅಕ್ಷರ ಸಡಿಲವಿಲ್ಲ. ಹಾಡಿ ಮುಗಿಸಿ, ನನ್ನದೇ ನಡುಮನೆಯಲ್ಲಿ, ಕಡಲೆಹಿಟ್ಟಿನ ಕೈ ಮೇಲೆತ್ತಿಕೊಂಡು ನಿಂತಿದ್ದೆ.

ಮೊದಲು ನಕ್ಕವರು ನಮ್ಮ ಮನೆಯವರು. ತಮ್ಮ ಅವ್ವನ ಹೋಳಿಗೆಯ ಸೇಡು ತೀರಿದಂತೆ ನಕ್ಕರು. ಆಮೇಲೆ ಸಹನಾ ಬಾಯಿಗೆ ದುಪಟ್ಟಾ ಒತ್ತಿಕೊಂಡಳು. ಕೊಟ್ರಮ್ಮನವರ ಭುಜ ಎರಡು ಸಲ ಅಲುಗಿತು. ಕನ್ನಡಕ ಕೆಳಗೆ ಜಾರಿತು. "ಅವ್ವಾ, ನಗಾಕತ್ತೀಯೇನ?" ಎಂದು ಶರಣು ಅಪರೂಪದ ಎಕ್ಸ್‌ರೇ ನೋಡುವವನ ಹಾಗೆ ತಾಯಿಯ ಮುಖ ನೋಡಿದ.

"ಹೂಂ ಗಿರಿಜಮ್ಮ, ಉತ್ತರ ಕೊಡ್ರಿ" ಎಂದರು ಕೊಟ್ರಮ್ಮನವರು ಕಣ್ಣೊರೆಸಿಕೊಂಡು. "ಮೇಳದಾಕಿ ಅಂದ್ರಲ್ಲ."

ಬಾಯಿ ತೆರೆದೆ. ಒಳಗೆ ಏನೂ ಇರಲಿಲ್ಲ. ಮುಂದೆ ಹಾಡುವವರಿಲ್ಲದೆ ನನಗೆ ಒಂದು ಸಾಲೂ ಬಾರದು ಎಂಬುದು ಆವತ್ತು ನನಗೂ, ಮಸ್ಕತ್ತಿಗೂ ಒಟ್ಟಿಗೇ ತಿಳಿಯಿತು. ಮುಚ್ಚಿದೆ.

ಕೊಟ್ರಮ್ಮನವರು ಹೆಡ್‌ಮೇಡಂ ದನಿಯಲ್ಲಿ ಹೇಳಿದರು, "ಹಂಗಾದ್ರ ಎಲಿ ಅಡಿಕಿ ತರ್ರಿ, ಲಗೂ. ಇಲ್ಲಾಂದ್ರ ನಾ ಹಾಡಿದ್ದು ಬೈಗಳ ಆಗ್ತತಿ."

ನಮ್ಮಲ್ಲಿ ಮೊದಲು ಅರ್ಥ ಮಾಡಿಕೊಂಡವಳು ಸಹನಾ. ಅಡುಗೆಮನೆಗೆ ಓಡಿದಳು. ಎಲೆ ಅಡಿಕೆಯ ತಟ್ಟೆ ಹಿಡಿದು ಬರುವಾಗ ಅಳುತ್ತಿದ್ದಳು, ನಗುತ್ತಲೂ ಇದ್ದಳು. ತಟ್ಟೆಯನ್ನು ಕೊಟ್ರಮ್ಮನವರ ಮುಂದೆ ಇಟ್ಟು, ಬಂದು ನನ್ನ ಹಿಟ್ಟಿನ ಕೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ನನಗೆ ಹೋದ ಜೀವ ಬಂತು.

ಮದುವೆ ಕೊಟ್ಟೂರಿನಲ್ಲಿ ಎಂದು ಅಲ್ಲೇ ಮಾತಾಯಿತು. ಹೊರಡುವಾಗ ಕೊಟ್ರಮ್ಮನವರು ನಮ್ಮ ಮನೆಯವರಿಗೆ ಹೇಳಿದರು, "ನಮಗ ಏನೂ ಬ್ಯಾಡ್ರಿ ಬೀಗರ. ಒಂದಾ ಮಾತು. ಪದ ಹಾಡೋ ಹೊತ್ತಿನಾಗ ಗಿರಿಜಮ್ಮನ್ನ ನಮ್ಮ ಕಡಿ ಚಾಪಿಗೆ ಕಳಿಸ್ರಿ. ಕಟ್ಟೋದು ನಾ ಕಟ್ಟತೀನಿ. ಹಿಂದ ಹಾಡಾಕ ಇಂಥ ಗಂಟಲು ನಮ್ಮ ಹಡಗಲ್ಯಾಗ ಇಲ್ಲ."

ನಾನು ಬಾಯಿ ತೆರೆಯುವ ಮೊದಲೇ ನಮ್ಮ ಮನೆಯವರು ಒಪ್ಪಿಬಿಟ್ಟರು. ಅಂದೇ ಸಂಜೆ ಹರಪನಹಳ್ಳಿಗೆ ಫೋನು ಮಾಡಿ ಹೋಳಿಗೆಯ ಸಂಗತಿಯನ್ನೂ ತಮ್ಮ ಅವ್ವನಿಗೆ ವಿವರವಾಗಿ ತಿಳಿಸಿದರು. ನಮ್ಮ ಅತ್ತೆ ಸಿಟ್ಟಾಗಲಿಲ್ಲ. "ಆ ಹಡಗಲಿ ಕೊಟ್ರಮ್ಮನ ಚಾಪೆ ಮ್ಯಾಲೆ ನಂಗೂ ಒಂದು ಜಾಗ ಇಡಾಕೆ ಹೇಳಪ" ಎಂದರಂತೆ.

ಬೀಗತಿ ಹಡಗಲಿಗೆ ಹಿಂದಿರುಗಿದ ಮೇಲೆ ವಾಟ್ಸ್ಆ್ಯಪಿನಲ್ಲಿ ನನಗೆ ಪದಗಳನ್ನು ಕಳಿಸುತ್ತಿದ್ದಾರೆ. ಇದುವರೆಗೆ ಹನ್ನೊಂದು ಬಂದಿವೆ, ಹನ್ನೊಂದೂ ನನ್ನ ಮೇಲೆಯೇ. ದಿನಾ ಮಷೀನು ತುಳಿಯುತ್ತಾ ಅಭ್ಯಾಸ ಮಾಡುತ್ತೇನೆ, ಹಾಡಿ ಅವರಿಗೆ ಕಳಿಸುತ್ತೇನೆ, ಅವರು ಕೇಳಿ ನಂಬರು ಹಾಕುತ್ತಾರೆ. ನಿನ್ನೆ ಒಂಬತ್ತನೆಯ ಪದದಲ್ಲಿ ನನ್ನ ಮೂಗಿನ ವರ್ಣನೆ ಮನಸ್ಸಿಟ್ಟು ಹಾಡಿಲ್ಲ ಎಂದು ತಿರುಗಿ ಕಳಿಸಿದರು. ನನಗೂ ಹಾಗೇ ಅನ್ನಿಸಿತ್ತು. ಇನ್ನೊಮ್ಮೆ ಹಾಡಿದೆ.